ದಾರದಹಳ್ಳಿಯ ಸಂಸದ, ಹೆಸರಿಲ್ಲದ ಮತ

ಮೂಡಿಗೆರೆ ತಾಲ್ಲೂಕಿನ ದಾರದಹಳ್ಳಿಯ ಡಿ.ಬಿ. ಚಂದ್ರೇಗೌಡರು 2023ರ ನವೆಂಬರ್‌ನಲ್ಲಿ, ತಮ್ಮ 87ನೇ ವಯಸ್ಸಿನಲ್ಲಿ ತೀರಿಕೊಂಡಾಗ ಬಂದ ಬರಹಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕಾಣಿಸಿತು: ಲೋಕಸಭೆ, ರಾಜ್ಯಸಭೆ, ವಿಧಾನಸಭೆ, ವಿಧಾನ ಪರಿಷತ್ತು, ಈ ನಾಲ್ಕೂ ಸದನಗಳಲ್ಲಿ ಕೂತ ಅಪರೂಪದ ರಾಜಕಾರಣಿ. ಮಾತು ನಿಜ. ಅದಕ್ಕಿಂತಲೂ ಅಪರೂಪದ ಇನ್ನೊಂದು ಸಂಗತಿ ಅವರ ಬದುಕಿನಲ್ಲಿತ್ತು, ಅದರ ಕಡೆ ಗಮನ ಹೋದದ್ದು ಕಡಿಮೆ. ಸಂಸತ್ತಿನಲ್ಲಿ ಅವರು ಮೂರು ಸಲ ವಿರೋಧ ಪಕ್ಷದ ಸಾಲಿನಲ್ಲಿ ಕೂತರು, ಮೂರು ಸಲವೂ ಬೇರೆ ಬೇರೆ ಪಕ್ಷದಿಂದ. 1977ರಲ್ಲಿ ಚಿಕ್ಕಮಗಳೂರಿನ ಕಾಂಗ್ರೆಸ್ ಸಂಸದರಾಗಿ ಜನತಾ ಸರ್ಕಾರದ ಎದುರು, 1986ರಲ್ಲಿ ಜನತಾ ಪಕ್ಷದ ರಾಜ್ಯಸಭಾ ಸದಸ್ಯರಾಗಿ ರಾಜೀವ್ ಗಾಂಧಿ ಸರ್ಕಾರದ ಎದುರು, 2009ರಲ್ಲಿ ಬೆಂಗಳೂರು ಉತ್ತರದ ಬಿಜೆಪಿ ಸಂಸದರಾಗಿ ಮನಮೋಹನ್ ಸಿಂಗ್ ಸರ್ಕಾರದ ಎದುರು. ಒಬ್ಬ ಮನುಷ್ಯ ಮೂರು ಬಣ್ಣದ ಬಾವುಟ ಹಿಡಿದು ವಿರೋಧಿಸಿದಾಗ ಕೇಳಲೇಬೇಕಾದ ಪ್ರಶ್ನೆ ಒಂದಿದೆ: ಆ ಮೂರೂ ಅವಧಿಯಲ್ಲಿ ಅವರು ಯಾವ ಮಸೂದೆಗೆ ಒಪ್ಪಿಗೆ ಕೊಟ್ಟರು, ಯಾವುದಕ್ಕೆ ಬೇಡ ಎಂದರು? ಆ ಲೆಕ್ಕ ಸಿಕ್ಕಿದರೆ ಬದಲಾದದ್ದು ಪಕ್ಷವೋ ವಿಚಾರವೋ ಎಂದು ಗೊತ್ತಾದೀತು. ಆದರೆ ಅಂಥ ಲೆಕ್ಕವನ್ನು ನಮ್ಮ ಸಂಸತ್ತು ಇಡುವುದೇ ಇಲ್ಲ. ಚಂದ್ರೇಗೌಡರದ್ದು ಮಾತ್ರವಲ್ಲ, ಯಾವ ಸಂಸದರದ್ದೂ ಸರಿಯಾಗಿ ಇಡುವುದಿಲ್ಲ. ಕೊಟ್ಟಿಗೆಹಾರದಂಥ ಊರಿನ ಮತದಾರನಿಗೆ ಇದರಿಂದ ಆಗುವ ನಷ್ಟ ಏನು, ಅದಕ್ಕೆ ಪರಿಹಾರ ಎಷ್ಟು ಸುಲಭ ಎಂಬುದೇ ಈ ಬರಹದ ವಾದ.

ಮೊದಲು ಗೌಡರ ದಾರಿಯನ್ನು ಸ್ವಲ್ಪ ನೋಡೋಣ. 1971ರಲ್ಲಿ, ಮೂವತ್ತೈದು ತುಂಬುವ ಮೊದಲೇ ಇಂದಿರಾ ಕಾಂಗ್ರೆಸ್ಸಿನಿಂದ ಲೋಕಸಭೆಗೆ ಹೋದರು. 1977ರಲ್ಲಿ ಉತ್ತರ ಭಾರತದಲ್ಲಿ ಕಾಂಗ್ರೆಸ್ ನೆಲಕಚ್ಚಿದಾಗ ಕರ್ನಾಟಕ ಮಾತ್ರ 28ರಲ್ಲಿ 26 ಸ್ಥಾನಗಳನ್ನು ಅದಕ್ಕೆ ಕೊಟ್ಟಿತು, ಗೌಡರು ಮತ್ತೆ ಗೆದ್ದರು. ಮರುವರ್ಷ ಇಂದಿರಾ ಗಾಂಧಿಯವರಿಗಾಗಿ ಆ ಸ್ಥಾನ ಬಿಟ್ಟುಕೊಟ್ಟರು. ಬಳಿಕ ವಿಧಾನ ಪರಿಷತ್ತಿಗೆ ಬಂದು ದೇವರಾಜ ಅರಸು ಸಂಪುಟದಲ್ಲಿ ಮಂತ್ರಿಯಾದರು. ಅರಸು ಮತ್ತು ಇಂದಿರಾ ದಾರಿ ಕವಲೊಡೆದ ಮೇಲೆ ಗೌಡರ ದಾರಿಯೂ ಬೇರೆಯಾಯಿತು. 1983ರಲ್ಲಿ ಜನತಾ ಪಕ್ಷದಿಂದ ತೀರ್ಥಹಳ್ಳಿಯಲ್ಲಿ ಗೆದ್ದು ರಾಮಕೃಷ್ಣ ಹೆಗಡೆ ಕಾಲದಲ್ಲಿ ವಿಧಾನಸಭೆಯ ಸ್ಪೀಕರ್ ಆದರು. 1999ರಲ್ಲಿ ಕಾಂಗ್ರೆಸ್ಸಿಗೆ ಮರಳಿ ಶೃಂಗೇರಿಯಿಂದ ಗೆದ್ದು ಎಸ್.ಎಂ. ಕೃಷ್ಣ ಸಂಪುಟದಲ್ಲಿ ಕಾನೂನು ಮಂತ್ರಿ. ಮುಂದೆ ಬಿಜೆಪಿ ಸೇರಿ 2009ರಲ್ಲಿ ಬೆಂಗಳೂರು ಉತ್ತರದಲ್ಲಿ ಸಿ.ಕೆ. ಜಾಫರ್ ಷರೀಫರಂಥ ಹಳೆಯ ಹುಲಿಯನ್ನು ಸೋಲಿಸಿದರು. ಈ ಪಟ್ಟಿ ಓದಿ ಪಕ್ಷಾಂತರಿ ಎಂದು ಮೂಗು ಮುರಿಯುವುದು ಸುಲಭ. ಅವರನ್ನು ಹತ್ತಿರದಿಂದ ಬಲ್ಲವರು ಕಾನೂನು ಓದಿಕೊಂಡ, ಸದನದ ನಡಾವಳಿ ಬಲ್ಲ, ಮಾತಿನಲ್ಲಿ ಹದ ಇದ್ದ ಮನುಷ್ಯ ಎಂದೂ ಹೇಳುತ್ತಾರೆ. ಎರಡರಲ್ಲಿ ಯಾವುದು ಸರಿ ಎಂದು ತೀರ್ಮಾನಿಸಲು ದಾಖಲೆ ಬೇಕು. ಸ್ಪೀಕರ್ ಪೀಠದಲ್ಲಿ ಕೂತು ಎಷ್ಟೋ ಮಸೂದೆಗಳನ್ನು ಮತಕ್ಕೆ ಹಾಕಿದ ವ್ಯಕ್ತಿಯ ಸ್ವಂತ ಮತಗಳ ದಾಖಲೆಯೇ ನಮಗೆ ಸಿಗದಿರುವುದು ವಿಚಿತ್ರ.

ಸಿಗದಿರುವುದಕ್ಕೆ ಮೊದಲ ಕಾರಣ ಧ್ವನಿಮತ. ಮಸೂದೆಯ ಚರ್ಚೆ ಮುಗಿದ ಮೇಲೆ ಸ್ಪೀಕರ್ ಪರ ಇರುವವರು ಹೌದು ಎನ್ನಿ, ವಿರೋಧ ಇರುವವರು ಇಲ್ಲ ಎನ್ನಿ ಎನ್ನುತ್ತಾರೆ. ಎರಡೂ ಕಡೆಯ ಕೂಗು ಕೇಳಿ, ಹೌದು ಎಂದವರೇ ಹೆಚ್ಚು ಎಂದು ಸಾರುತ್ತಾರೆ. ಅಲ್ಲಿಗೆ ಮಸೂದೆ ಪಾಸು. ಯಾರು ಕೂಗಿದರು, ಯಾರು ಬಾಯಿ ಮುಚ್ಚಿ ಕೂತರು, ಯಾರು ಕ್ಯಾಂಟೀನಿನಲ್ಲಿದ್ದರು ಎಂಬುದು ಎಲ್ಲೂ ಬರೆದಿರುವುದಿಲ್ಲ. ಯಾರಾದರೂ ಸದಸ್ಯರು ಇದನ್ನು ಒಪ್ಪದೆ ಮತ ವಿಭಜನೆ ಕೇಳಿದರೆ ಮಾತ್ರ ಗಂಟೆ ಬಾರಿಸಿ, ಬಾಗಿಲು ಮುಚ್ಚಿ, ಸೀಟಿನ ಮುಂದಿನ ಗುಂಡಿ ಒತ್ತಿಸುತ್ತಾರೆ: ಪರವಾದರೆ ಹಸಿರು, ವಿರೋಧವಾದರೆ ಕೆಂಪು, ತಟಸ್ಥವಾದರೆ ಹಳದಿ. ಆಗ ಹೆಸರು ಹೆಸರಾಗಿ ದಾಖಲೆ ಉಳಿಯುತ್ತದೆ. ಸಂವಿಧಾನ ತಿದ್ದುಪಡಿಗೆ ವಿಶೇಷ ಬಹುಮತ ಬೇಕಾದ್ದರಿಂದ ಅಲ್ಲಿ ಎಣಿಕೆ ಕಡ್ಡಾಯ. ಉಳಿದ ಬಹುಪಾಲು ಕಾನೂನುಗಳು ಕೂಗಿನಲ್ಲೇ ಮುಗಿಯುತ್ತವೆ. ಸಂಸದರ ಕೆಲಸದ ಲೆಕ್ಕ ಇಡುವ ಪಿಆರ್‌ಎಸ್‌ನಂಥ ಸಂಸ್ಥೆ ಹಾಜರಿ ಎಷ್ಟು, ಪ್ರಶ್ನೆ ಎಷ್ಟು, ಚರ್ಚೆ ಎಷ್ಟು ಎಂದು ಹೇಳುತ್ತದೆಯೇ ಹೊರತು ಯಾವ ಮಸೂದೆಗೆ ಯಾರ ಮತ ಎತ್ತ ಬಿತ್ತು ಎಂಬ ಪೂರ್ತಿ ಪಟ್ಟಿ ಕೊಡಲಾರದು. ಮೂಲದಲ್ಲೇ ಇಲ್ಲದ್ದನ್ನು ಅದು ಎಲ್ಲಿಂದ ತರಬೇಕು?

ಸಣ್ಣಪುಟ್ಟ ಮಸೂದೆಗಳಿಗೆ ಇದು ಸರಿ, ದೊಡ್ಡವಕ್ಕೆ ಎಣಿಕೆ ಆಗುತ್ತದೆ ಎಂದುಕೊಂಡರೆ ತಪ್ಪಾದೀತು. ಚಂದ್ರೇಗೌಡರು ಸದಸ್ಯರಾಗಿದ್ದ ಹದಿನೈದನೇ ಲೋಕಸಭೆಯ ಕೊನೆಯ ದಿನಗಳಲ್ಲಿ, 2014ರ ಫೆಬ್ರುವರಿಯಲ್ಲಿ, ನಮ್ಮ ನೆರೆಯ ರಾಜ್ಯವನ್ನು ಎರಡಾಗಿ ಒಡೆಯುವ ತೆಲಂಗಾಣ ಮಸೂದೆ ಧ್ವನಿಮತದಿಂದ ಪಾಸಾಯಿತು, ಅದೂ ಟೀವಿ ನೇರ ಪ್ರಸಾರ ನಿಂತಿದ್ದ ಹೊತ್ತಿನಲ್ಲಿ. 2020ರ ಸೆಪ್ಟೆಂಬರ್‌ನಲ್ಲಿ ರಾಜ್ಯಸಭೆಯಲ್ಲಿ ಕೃಷಿ ಮಸೂದೆಗಳಿಗೆ ವಿರೋಧ ಪಕ್ಷದವರು ಮತ ವಿಭಜನೆ ಕೇಳಿದರು; ಗದ್ದಲದ ನಡುವೆ ಉಪಸಭಾಪತಿ ಧ್ವನಿಮತದಲ್ಲೇ ಮುಗಿಸಿದರು. ಒಂದು ವರ್ಷಕ್ಕೂ ಮೀರಿ ರೈತರು ದಿಲ್ಲಿಯ ಗಡಿಯಲ್ಲಿ ಕೂತ ಮೇಲೆ, 2021ರ ನವೆಂಬರ್‌ನಲ್ಲಿ, ಅದೇ ಕಾನೂನುಗಳನ್ನು ಹಿಂದಕ್ಕೆ ಪಡೆಯುವ ಮಸೂದೆಯೂ ಚರ್ಚೆಯಿಲ್ಲದೆ ಧ್ವನಿಮತದಲ್ಲೇ ಮುಗಿಯಿತು. ತಂದದ್ದೂ ಕೂಗಿನಲ್ಲಿ, ತೆಗೆದದ್ದೂ ಕೂಗಿನಲ್ಲಿ. ರೈತರ ಪರ ನಿಂತೆವು ಎಂದು ಇವತ್ತು ಹೇಳಿಕೊಳ್ಳುವ ಯಾವ ವಿರೋಧ ಪಕ್ಷದ ಸದಸ್ಯರ ಕೈಯಲ್ಲೂ ಆ ದಿನದ್ದೊಂದು ಮತದ ದಾಖಲೆಯಿಲ್ಲ. ಅವತ್ತು ಸದನದಲ್ಲಿ ಇರದೇ ಇದ್ದವರೂ ಅದೇ ಮಾತು ಹೇಳಬಹುದು, ತಡೆಯುವವರಿಲ್ಲ.

ಎರಡನೆಯ ಕಾರಣ ಪಕ್ಷಾಂತರ ನಿಷೇಧ ಕಾಯ್ದೆ. ರಾಜೀವ್ ಗಾಂಧಿ ಕಾಲದಲ್ಲಿ, 1985ರ 52ನೇ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ ಹತ್ತನೇ ಅನುಸೂಚಿ ಹೇಳುವುದಿಷ್ಟು: ಪಕ್ಷ ವಿಪ್ ಹೊರಡಿಸಿದ ಮೇಲೆ ಅದಕ್ಕೆ ವಿರುದ್ಧವಾಗಿ ಮತ ಹಾಕಿದರೆ, ಮತ ಹಾಕದೆ ದೂರ ಉಳಿದರೂ ಸರಿಯೆ, ಪಕ್ಷ ಹದಿನೈದು ದಿನದೊಳಗೆ ಕ್ಷಮಿಸದಿದ್ದರೆ ಸದಸ್ಯತ್ವ ಹೋಗುತ್ತದೆ. ಹಾಗಾಗಿ ಗುಂಡಿ ಒತ್ತಿ ದಾಖಲಾದ ಮತವೂ ಹೆಚ್ಚಿನ ಪಾಲು ಪಕ್ಷದ ಕಚೇರಿಯ ಮತ. ಚಂದ್ರೇಗೌಡರ ಮೂರು ಅವಧಿಗಳಲ್ಲಿ ಈ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. 1977ರಲ್ಲಿ ಅವರು ವಿರೋಧದ ಸಾಲಿನಲ್ಲಿದ್ದಾಗ ಈ ಕಾಯ್ದೆ ಇರಲಿಲ್ಲ. ಪಕ್ಷದ ಮಾತು ಮೀರಿದ್ದರೆ ಪಕ್ಷದಿಂದ ಹೊರಬೀಳುತ್ತಿದ್ದರೇ ಹೊರತು ಸೀಟು ಉಳಿಯುತ್ತಿತ್ತು. 1986ರಲ್ಲೂ 2009ರಲ್ಲೂ ಆ ಸ್ವಾತಂತ್ರ್ಯ ಇರಲಿಲ್ಲ. ಅಂದರೆ ಎರಡನೇ ಮತ್ತು ಮೂರನೇ ಅವಧಿಯ ಪ್ರತಿಯೊಂದು ಮತ ನಮಗೆ ಸಿಕ್ಕಿದ್ದರೂ ಅದರಿಂದ ಆ ಪಕ್ಷಗಳ ನಿಲುವು ತಿಳಿಯುತ್ತಿತ್ತೇ ವಿನಾ ದಾರದಹಳ್ಳಿಯ ಮನುಷ್ಯನ ಮನಸ್ಸು ತಿಳಿಯುತ್ತಿರಲಿಲ್ಲ.

ಈ ಗೋಡೆಯನ್ನು ಹಾರಿದವರೂ ಇದ್ದಾರೆ, ನಮ್ಮ ಪಕ್ಕದಲ್ಲೇ. 2008ರ ಜುಲೈ 22ರಂದು ಅಣು ಒಪ್ಪಂದದ ಜಗಳದಲ್ಲಿ ಮನಮೋಹನ್ ಸಿಂಗ್ ಸರ್ಕಾರ ವಿಶ್ವಾಸಮತ ಕೇಳಿದಾಗ 275ಕ್ಕೆ 256ರಿಂದ ಗೆದ್ದಿತು. ವಿರೋಧ ಪಕ್ಷವಾಗಿದ್ದ ಬಿಜೆಪಿ ತನ್ನ ಮಾತು ಮೀರಿದ ಎಂಟು ಸಂಸದರನ್ನು ಉಚ್ಚಾಟಿಸಿತು. ಅವರಲ್ಲಿ ಉಡುಪಿಯ ಮನೋರಮಾ ಮಧ್ವರಾಜ್ ಇದ್ದರು, ಬೆಂಗಳೂರು ಉತ್ತರದ ಎಚ್.ಟಿ. ಸಾಂಗ್ಲಿಯಾನ ಇದ್ದರು. ಆಗ ಚಿಕ್ಕಮಗಳೂರಿನ ಸಂಸದರಾಗಿದ್ದ ಬಿಜೆಪಿಯ ಡಿ.ಸಿ. ಶ್ರೀಕಂಠಪ್ಪನವರ ಹೆಸರು ಆ ಪಟ್ಟಿಯಲ್ಲಿ ಇರಲಿಲ್ಲ. ಸಾಂಗ್ಲಿಯಾನ ಸರ್ಕಾರದ ಪರವಾಗಿಯೇ ಮತ ಹಾಕಿದ್ದರು. ಮರುವರ್ಷ ಕಾಂಗ್ರೆಸ್ ಟಿಕೆಟಿನಲ್ಲಿ ಬೆಂಗಳೂರು ಕೇಂದ್ರದಿಂದ ನಿಂತು ಸೋತರು. ಅವರು ಬಿಟ್ಟ ಬೆಂಗಳೂರು ಉತ್ತರಕ್ಕೆ ಬಂದವರೇ ನಮ್ಮ ಚಂದ್ರೇಗೌಡರು. ಆ ಎಂಟು ಜನ ಮಾಡಿದ್ದು ಸರಿಯೋ ತಪ್ಪೋ ಎಂಬ ವಾದ ಬೇರೆ. ಇಲ್ಲಿ ಮುಖ್ಯವಾದದ್ದು ಎಣಿಕೆ. ಹೆಸರು ದಾಖಲಾದ್ದರಿಂದ ಮತದಾರರ ಮುಂದೆ ಒಂದು ಖಚಿತ ಸಂಗತಿ ಇತ್ತು, ಬೇಕಾದವರು ಮೆಚ್ಚಿದರು, ಬೇಡದವರು ಬೈದರು. ಅಂಥ ಖಚಿತತೆ ಆ ಐದು ವರ್ಷದ ಉಳಿದ ನೂರಾರು ಮಸೂದೆಗಳ ಬಗ್ಗೆ ಉಡುಪಿಗೂ ಸಿಗಲಿಲ್ಲ, ಚಿಕ್ಕಮಗಳೂರಿಗೂ ಸಿಗಲಿಲ್ಲ.

ಹೆಸರು ಬರೆದ ಒಂದೇ ಒಂದು ಮತ ಎಷ್ಟು ಹೇಳಬಲ್ಲದು ಎಂಬುದಕ್ಕೆ ಈ ಜಿಲ್ಲೆಯ ಚರಿತ್ರೆಯಲ್ಲೇ ಒಳ್ಳೆಯ ಉದಾಹರಣೆ ಇದೆ. 1978ರ ನವೆಂಬರ್‌ನ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿ ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರನ್ನು 77 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ಆ ಚುನಾವಣೆಯ ಕತೆಯನ್ನು ಮಲೆನಾಡಿನವರು ಇಂದಿಗೂ ಹೇಳುತ್ತಾರೆ: ದಿಲ್ಲಿಯಿಂದ ಬಂದ ಪತ್ರಕರ್ತರು, ಜಾರ್ಜ್ ಫರ್ನಾಂಡಿಸರ ಪ್ರಚಾರ, ಗೋಡೆಬರಹ. ಗೆದ್ದ ಮೇಲೆ ನಮ್ಮ ಸಂಸದೆ ಸದನದಲ್ಲಿ ಏನು ಮಾಡಿದರು ಎಂಬುದು ಮಾತ್ರ ಯಾರ ಕತೆಯಲ್ಲೂ ಬರುವುದಿಲ್ಲ. ಮಾಡಿದ್ದರಲ್ಲಿ ಒಂದು ಬಹಳ ದೊಡ್ಡದು. ತುರ್ತು ಪರಿಸ್ಥಿತಿಯಲ್ಲಿ ಅವರದೇ ಸರ್ಕಾರ 42ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿಸಿದ್ದ ಹಲವು ಅಂಶಗಳನ್ನು ಕಿತ್ತುಹಾಕುವ, ಮುಂದೆ ಅಷ್ಟು ಸುಲಭವಾಗಿ ತುರ್ತು ಪರಿಸ್ಥಿತಿ ಹೇರಲಾಗದಂತೆ ತಡೆಯುವ 44ನೇ ತಿದ್ದುಪಡಿ, ರಾಜ್ಯಸಭೆಯ ಬದಲಾವಣೆಗಳೊಂದಿಗೆ ಆ ಡಿಸೆಂಬರ್‌ನ ಮೊದಲ ವಾರ ಲೋಕಸಭೆಗೆ ಮರಳಿ ಬಂದಾಗ, ಚಿಕ್ಕಮಗಳೂರಿನ ವಿರೋಧ ಪಕ್ಷದ ಸಂಸದೆ ಅದರ ಪರ ಮತ ಹಾಕಿದರು. ಪಶ್ಚಾತ್ತಾಪವೋ, ಗಾಳಿ ಬಂದ ಕಡೆ ತೂರಿಕೊಂಡ ಜಾಣತನವೋ, ಓದುಗರು ತಮಗೆ ತೋಚಿದಂತೆ ಅರ್ಥ ಮಾಡಿಕೊಳ್ಳಲಿ. ಹೀಗೆ ವಾದಿಸಲು ಸಾಧ್ಯವಾಗಿರುವುದೇ ಅದು ಎಣಿಕೆಯ ಮತವಾದ್ದರಿಂದ. ನಾಲ್ಕೂವರೆ ದಶಕ ಕಳೆದರೂ ದಿಲ್ಲಿಯ ಜಗಳಗಳಲ್ಲಿ ಆ ಮತವನ್ನು ಎತ್ತಿ ಎತ್ತಿ ತೋರಿಸುತ್ತಾರೆ. ಧ್ವನಿಮತವಾಗಿದ್ದರೆ ಗಾಳಿಯಲ್ಲಿ ಹೋಗುತ್ತಿತ್ತು.

ಅದಾದ ಎರಡು ವಾರದೊಳಗೆ, ಡಿಸೆಂಬರ್ 19ರಂದು, ಅದೇ ಸದನ 279ಕ್ಕೆ 138 ಮತಗಳಿಂದ ಅವರ ಸದಸ್ಯತ್ವವನ್ನೇ ರದ್ದು ಮಾಡಿತು. ಅಧಿವೇಶನ ಮುಗಿಯುವವರೆಗೆ ತಿಹಾರ್ ಜೈಲು. ಆರೋಪ ಯಾವುದು ಎಂಬುದನ್ನು ಗಮನಿಸಬೇಕು, ಏಕೆಂದರೆ ನಮ್ಮ ವಾದಕ್ಕೆ ಅದು ನೇರವಾಗಿ ಸಂಬಂಧಿಸಿದ್ದು. 1975ರಲ್ಲಿ ವಿರೋಧ ಪಕ್ಷದವರು ಲೋಕಸಭೆಯಲ್ಲಿ ಮಾರುತಿ ಕಂಪನಿಯ ಬಗ್ಗೆ ಕೇಳಿದ್ದ ಪ್ರಶ್ನೆಗೆ ಉತ್ತರ ಕೊಡಲು ಮಾಹಿತಿ ಕಲೆಹಾಕುತ್ತಿದ್ದ ಅಧಿಕಾರಿಗಳಿಗೆ ಕಿರುಕುಳ ಕೊಡಿಸಿದರು ಎಂಬುದು ಹಕ್ಕುಬಾಧ್ಯತಾ ಸಮಿತಿಯ ತೀರ್ಮಾನ. ಅಂದರೆ ಸಂಸದರೊಬ್ಬರ ಪ್ರಶ್ನೆಗೆ ಅಡ್ಡಿ ಮಾಡುವುದು ಸದಸ್ಯತ್ವ ಕಳೆಯುವಷ್ಟು ದೊಡ್ಡ ಅಪರಾಧ ಎಂದು ಆ ಸದನ ಭಾವಿಸಿತು. ಶಿಕ್ಷೆ ಅತಿಯಾಯಿತು ಎಂಬ ಮಾತಿನಲ್ಲಿ ಹುರುಳಿದೆ. ಒಂದೂವರೆ ತಿಂಗಳ ಹಿಂದಷ್ಟೇ ಜನ ಆರಿಸಿದವರನ್ನು ಹೊರಹಾಕುವುದೆಂದರೆ ಮೂಡಿಗೆರೆಯಿಂದ ಕಡೂರಿನವರೆಗಿನ ಮತದಾರರನ್ನೂ ಹೊರಹಾಕಿದಂತೆ. 1981ರ ಮೇ ತಿಂಗಳಲ್ಲಿ, ಇಂದಿರಾ ಮತ್ತೆ ಪ್ರಧಾನಿಯಾಗಿದ್ದಾಗ, ಏಳನೇ ಲೋಕಸಭೆ ಆ ನಿರ್ಣಯವನ್ನು ರದ್ದುಮಾಡಿತು. ಬಹುಮತ ಇದ್ದವರು ಕಿತ್ತರು, ಬಹುಮತ ಬಂದವರು ಅಳಿಸಿದರು. ಎರಡರಲ್ಲೂ ಕ್ಷೇತ್ರದವರನ್ನು ಯಾರೂ ಕೇಳಲಿಲ್ಲ. ಇಷ್ಟಾದರೂ ಪ್ರಶ್ನೆ ಕೇಳುವ ಹಕ್ಕು ವಿರೋಧ ಪಕ್ಷದವರಿಗೆ ಎಂಥ ಆಯುಧ ಎಂಬುದು ಈ ಪ್ರಕರಣದಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ.

ಆ ಆಯುಧ ಈ ಬೆಟ್ಟಸಾಲಿಗೆ ಇನ್ನೂ ಹೆಚ್ಚು ಮುಖ್ಯ. ಇಲ್ಲಿನವರ ನಿದ್ದೆಗೆಡಿಸುವ ಎಷ್ಟೋ ವಿಷಯಗಳು ಸಂಸತ್ತಿನಲ್ಲಿ ಮತಕ್ಕೆ ಬರುವುದೇ ಇಲ್ಲ. ಕಸ್ತೂರಿರಂಗನ್ ವರದಿಯ ಆಧಾರದ ಮೇಲೆ ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶ ಗುರುತಿಸುವ ಕರಡು ಅಧಿಸೂಚನೆ 2014ರ ಮಾರ್ಚಿನಲ್ಲಿ ಮೊದಲು ಬಂತು, 2024ರ ಜುಲೈ ಕೊನೆಯಲ್ಲಿ ಬಂದದ್ದು ಆರನೆಯದು. ಕರ್ನಾಟಕದ 20,668 ಚದರ ಕಿಲೋಮೀಟರ್ ಅದರ ವ್ಯಾಪ್ತಿಯಲ್ಲಿದೆ. ಕಳಸ, ಮೂಡಿಗೆರೆ, ಶೃಂಗೇರಿ, ಕೊಪ್ಪ ಕಡೆಯ ಗ್ರಾಮಗಳ ಹೆಸರು ಬಂದಾಗಲೆಲ್ಲ ಸಭೆ, ಮೆರವಣಿಗೆ, ಮನವಿ. ಆದರೆ ಅದು 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ ಮಂತ್ರಾಲಯ ಹೊರಡಿಸುವ ಕಾಗದ. ಸಂಸದರು ಪರವೋ ವಿರೋಧವೋ ಎಂದು ಗುಂಡಿ ಒತ್ತುವ ಪ್ರಸಂಗವೇ ಅಲ್ಲಿಲ್ಲ. ಬೆಳೆಗಾರರ ಸಾಲದ ಕತೆಯೂ ಹೀಗೆ. ಬ್ಯಾಂಕುಗಳ ಸಾಲ ವಸೂಲಿಗೆಂದು ಮಾಡಿದ 2002ರ ಸರ್ಫೇಸಿ ಕಾಯ್ದೆಯ 31ನೇ ಸೆಕ್ಷನ್ ಕೃಷಿ ಭೂಮಿಗೆ ವಿನಾಯಿತಿ ಕೊಟ್ಟಿದೆ. ಕಾಫಿ ತೋಟ ಕೃಷಿ ಭೂಮಿಯೋ ಅಲ್ಲವೋ ಎಂಬ ತಕರಾರಿನಲ್ಲಿ ಬ್ಯಾಂಕುಗಳು ತೋಟಗಳನ್ನು ಹರಾಜಿಗೆ ಹಾಕುತ್ತವೆ, ಬೆಳೆಗಾರರು ಕೋರ್ಟಿಗೆ ಅಲೆಯುತ್ತಾರೆ. ಒಂದು ಸಣ್ಣ ತಿದ್ದುಪಡಿಯಿಂದ ಬಗೆಹರಿಯಬಹುದಾದ ಸಂಗತಿ. ಯಾವ ಸಂಸದರು ಇದನ್ನು ಪ್ರಶ್ನೆಯಾಗಿ ಎತ್ತಿದರು, ಯಾರು ಖಾಸಗಿ ಮಸೂದೆ ತರಲು ನೋಡಿದರು, ಯಾರು ಬೆಳೆಗಾರರ ಸಮಾವೇಶದಲ್ಲಿ ಹಾರ ಹಾಕಿಸಿಕೊಂಡು ದಿಲ್ಲಿಯಲ್ಲಿ ಸುಮ್ಮನಾದರು ಎಂಬುದನ್ನು ಬೇರ್ಪಡಿಸಿ ನೋಡಬೇಕು.

ಹಾಗಾದರೆ ವಿರೋಧ ಪಕ್ಷದ ಸಂಸದರನ್ನು ಅಳೆಯಲು ಈಗಿರುವ ಸಾಮಗ್ರಿ ಏನು? ಪ್ರಶ್ನೆಗಳು ಒಂದು. ಲೋಕಸಭೆಯಲ್ಲಿ ದಿನಕ್ಕೆ ಬಾಯಿಮಾತಿನ ಉತ್ತರ ಬೇಡುವ ಚುಕ್ಕೆ ಗುರುತಿನ ಪ್ರಶ್ನೆ 20, ಲಿಖಿತ ಉತ್ತರದವು 230. ಯಾರು ಕೇಳಿದರು, ಮಂತ್ರಿ ಏನೆಂದರು ಎಂಬುದು ಹೆಸರಿನ ಸಮೇತ ದಾಖಲಾಗುತ್ತದೆ. ಇಲ್ಲಿ ಒಂದು ಎಚ್ಚರಿಕೆ ಬೇಕು. ಪ್ರಶ್ನೆಗಳ ಸಂಖ್ಯೆ ನೋಡಿ ಮರುಳಾಗಬಾರದು. ಆಪ್ತ ಸಹಾಯಕರು ತಯಾರಿಸಿ ಕಳಿಸಿದ ನೂರು ಪ್ರಶ್ನೆಗಿಂತ, ಪರಿಸರ ಸೂಕ್ಷ್ಮ ಪ್ರದೇಶದ ಗ್ರಾಮಗಳ ಪಟ್ಟಿಯನ್ನು ಉಪಗ್ರಹ ಚಿತ್ರ ನೋಡಿ ಮಾಡಿದಿರೋ ನೆಲದ ಮೇಲೆ ನಡೆದು ಮಾಡಿದಿರೋ ಎಂಬ ಒಂದು ಪ್ರಶ್ನೆಯ ಬೆಲೆ ಹೆಚ್ಚು. ಎರಡನೆಯದು 1993ರಲ್ಲಿ ಶುರುವಾದ ಇಲಾಖಾವಾರು ಸ್ಥಾಯಿ ಸಮಿತಿಗಳು. ಬಾಗಿಲು ಮುಚ್ಚಿ ನಡೆಯುವ ಆ ಸಭೆಗಳಲ್ಲಿ ವಿಪ್ ಇಲ್ಲ, ಕ್ಯಾಮೆರಾ ಇಲ್ಲ, ಹಾಗಾಗಿ ಅಲ್ಲಿ ಸದಸ್ಯರು ಪಕ್ಷ ಮರೆತು ಮಾತಾಡುವುದುಂಟು. ಒಪ್ಪದ ಸದಸ್ಯರು ವರದಿಯ ಕೊನೆಗೆ ತಮ್ಮ ಭಿನ್ನಮತದ ಟಿಪ್ಪಣಿ ಸೇರಿಸಬಹುದು, ಅದು ಸಾರ್ವಜನಿಕ ದಾಖಲೆ. ನನ್ನ ಎಣಿಕೆಯಲ್ಲಿ ಸಂಸದರೊಬ್ಬರ ಸ್ವಂತ ಬುದ್ಧಿ ಕಾಣುವ ಜಾಗ ಇದೊಂದೇ. ಕಾಫಿ ಮಂಡಳಿಯ ಹಣೆಬರಹ ತೀರ್ಮಾನವಾಗುವ ವಾಣಿಜ್ಯ ಸಮಿತಿಯಲ್ಲಿ ಕಾಫಿ ಸೀಮೆಯ ಸಂಸದರಿದ್ದಾರೋ ಇಲ್ಲವೋ ಎಂಬುದು ನಮ್ಮ ಊರಿನ ಚುನಾವಣಾ ಭಾಷಣಗಳಲ್ಲಿ ಒಮ್ಮೆಯಾದರೂ ಕೇಳಿಬರುತ್ತದೆಯೇ? ಆದರೆ ಪ್ರಶ್ನೆ, ಸಮಿತಿ, ಭಾಷಣ ಇವೆಲ್ಲ ಸಂಸದರು ಏನು ಹೇಳಿದರು ಎಂಬುದರ ದಾಖಲೆ. ಕೊನೆಗೆ ಕೈ ಎತ್ತುವ ಹೊತ್ತಿಗೆ ಏನು ಮಾಡಿದರು ಎಂಬುದರ ಬದಲಿಗೆ ಅವು ನಿಲ್ಲಲಾರವು.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ತೂಕ ಇರುವಂಥದ್ದು ಕರ್ನಾಟಕದವರಿಗೆ ವಿವರಿಸಿ ಹೇಳಬೇಕಾಗಿಲ್ಲ. ವಿಪ್ಪಿನ ಬಿಗಿ ಸಡಿಲಿಸಿದರೆ ಶಾಸಕರ, ಸಂಸದರ ಸಂತೆ ಶುರುವಾಗುತ್ತದೆ, ಸರ್ಕಾರಗಳು ವಾರಕ್ಕೊಂದು ಬೀಳುತ್ತವೆ ಎಂಬ ಭಯ. 1999ರ ಏಪ್ರಿಲ್‌ನಲ್ಲಿ ವಾಜಪೇಯಿ ಸರ್ಕಾರ ಒಂದೇ ಮತದಿಂದ ಬಿದ್ದದ್ದನ್ನು ಕಂಡವರು ಹೀಗೆ ಹೇಳಿದರೆ ತಪ್ಪಿಲ್ಲ. ಆದರೆ ಕಾಯ್ದೆ ಆ ಸಂತೆಯನ್ನು ತಡೆದಿದೆಯೇ? 2019ರಲ್ಲಿ ಇಲ್ಲಿ 17 ಶಾಸಕರು ವಿಪ್ ಮೀರಿ ಮತ ಹಾಕುವ ಗೋಜಿಗೇ ಹೋಗಲಿಲ್ಲ. ರಾಜೀನಾಮೆ ಕೊಟ್ಟು ಮುಂಬೈಯ ಹೋಟೆಲಿನಲ್ಲಿ ಕೂತ ಗುಂಪೊಂದು ಸರ್ಕಾರ ಬೀಳಿಸಿತು. ಸ್ಪೀಕರ್ ಅನರ್ಹಗೊಳಿಸಿದರು, ಸುಪ್ರೀಂ ಕೋರ್ಟ್ ಅನರ್ಹತೆ ಸರಿ ಎಂದರೂ ಮತ್ತೆ ಸ್ಪರ್ಧಿಸಲು ಬಿಟ್ಟಿತು, ಡಿಸೆಂಬರ್‌ನ ಉಪಚುನಾವಣೆಯಲ್ಲಿ 15ರಲ್ಲಿ 12 ಸ್ಥಾನ ಬಿಜೆಪಿ ಗೆದ್ದು ಹಲವರು ಮಂತ್ರಿಗಳೂ ಆದರು. ಮಾರಾಟಕ್ಕೆ ನಿಂತವರು ಪಕ್ಕದ ಬಾಗಿಲಿನಿಂದ ಹೋದರು. ತನ್ನ ಊರಿನ ಹಿತಕ್ಕಾಗಿ ಒಂದು ಮಸೂದೆಗೆ ಮಾತ್ರ ಬೇಡ ಎನ್ನಬಯಸುವ ಪ್ರಾಮಾಣಿಕನನ್ನು ಕಾಯ್ದೆ ಹಿಡಿದುಹಾಕುತ್ತದೆ. ವಿಶ್ವಾಸಮತ, ಬಜೆಟ್‌ನಂಥ ಸರ್ಕಾರದ ಅಳಿವು ಉಳಿವಿನ ಪ್ರಸಂಗಗಳಿಗೆ ಮಾತ್ರ ಅನರ್ಹತೆಯ ದಂಡ ಇರಲಿ ಎಂಬ ಧಾಟಿಯ ಮಾತು ಹೊಸದಲ್ಲ. 1990ರಲ್ಲಿ ದಿನೇಶ್ ಗೋಸ್ವಾಮಿ ಸಮಿತಿ, 1999ರಲ್ಲಿ ಕಾನೂನು ಆಯೋಗ ಹೆಚ್ಚುಕಡಿಮೆ ಇದನ್ನೇ ಹೇಳಿದವು. 1992ರ ಕಿಹೊಟೊ ಹೊಲ್ಲೊಹಾನ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯುವಾಗಲೂ ವಿಪ್ಪಿನ ವ್ಯಾಪ್ತಿಯನ್ನು ಕಿರಿದಾಗಿಯೇ ಓದಬೇಕು ಎಂದಿತು. ಸಂಸತ್ತು ಕೇಳಿಸಿಕೊಂಡಿಲ್ಲ. ವಿಪ್ ಬೀಸುವ ಪಕ್ಷಗಳೇ ಸಂಸತ್ತನ್ನು ನಡೆಸುವಾಗ ಬೇರೇನು ನಿರೀಕ್ಷಿಸಲಾದೀತು!

ಜನ ಮತ ಹಾಕುವುದು ಗುರುತಿಗೆ, ಮನುಷ್ಯನಿಗಲ್ಲ. ಹಾಗಾಗಿ ಸಂಸದ ಪಕ್ಷ ಹೇಳಿದಂತೆ ಕೇಳುವುದೇ ಮತದಾರರಿಗೆ ತೋರುವ ನಿಷ್ಠೆ ಎನ್ನುವವರೂ ಇದ್ದಾರೆ. ಚುನಾವಣೆಯ ಅಂಕಿ ನೋಡಿದರೆ ಇದನ್ನು ಅಲ್ಲಗಳೆಯುವುದು ಕಷ್ಟ. ಹಾಗೆಂದೇ ಪಕ್ಷಗಳು ಅಭ್ಯರ್ಥಿಗಳನ್ನು ಒಂದು ಕ್ಷೇತ್ರದಿಂದ ಇನ್ನೊಂದಕ್ಕೆ ಸಾಗಿಸುತ್ತವೆ: 2009ರಲ್ಲಿ ಉಡುಪಿ ಚಿಕ್ಕಮಗಳೂರಿನಿಂದ ಗೆದ್ದಿದ್ದ ಡಿ.ವಿ. ಸದಾನಂದ ಗೌಡರು 2014ರಲ್ಲಿ ಚಂದ್ರೇಗೌಡರಿದ್ದ ಬೆಂಗಳೂರು ಉತ್ತರಕ್ಕೆ ಹೋದರು, ಶೋಭಾ ಕರಂದ್ಲಾಜೆ ಇಲ್ಲಿಗೆ ಬಂದು ಎರಡು ಸಲ ಗೆದ್ದು 2024ರಲ್ಲಿ ಅದೇ ಬೆಂಗಳೂರು ಉತ್ತರಕ್ಕೆ ಹೋದರು. ಆದರೆ ಈ ವಾದವನ್ನು ಕೊನೆಯವರೆಗೆ ಎಳೆದರೆ ಕ್ಷೇತ್ರ ಎಂಬುದೇ ಬೇಡವಾಗುತ್ತದೆ. ಪ್ರತಿ ಪಕ್ಷಕ್ಕೆ ಇಷ್ಟು ಮತ ಎಂದು ಲೆಕ್ಕ ಹಾಕಿ ಸೀಟು ಹಂಚಿದರೆ ಆಯಿತು. ನಾವು ಆ ಪದ್ಧತಿ ಒಪ್ಪಿಕೊಂಡಿಲ್ಲ. ಬ್ರಿಟನ್ನಿನಿಂದ ಕ್ಷೇತ್ರದ ಪದ್ಧತಿಯನ್ನು ತಂದೆವು, ಅಲ್ಲಿ ಅದರ ಜೊತೆಗೇ ಇದ್ದ ಇನ್ನೊಂದನ್ನು ಬಿಟ್ಟುಬಂದೆವು. ಅಲ್ಲಿ ಮತ ವಿಭಜನೆಯಲ್ಲಿ ಯಾರು ಎತ್ತ ಎಂಬುದು ಹೆಸರಿನೊಂದಿಗೆ ಪ್ರಕಟವಾಗುತ್ತದೆ, ಪಕ್ಷದ ಮಾತು ಮೀರಿದವನಿಗೆ ಪಕ್ಷ ಬಾಗಿಲು ತೋರಿಸಬಹುದು, ಸೀಟು ಕಸಿಯಲಾಗದು. 2019ರ ಸೆಪ್ಟೆಂಬರ್‌ನಲ್ಲಿ ಬ್ರೆಕ್ಸಿಟ್ ಜಗಳದಲ್ಲಿ ಬೋರಿಸ್ ಜಾನ್ಸನ್ ವಿರುದ್ಧ ನಿಂತ ಆಡಳಿತ ಪಕ್ಷದ 21 ಸಂಸದರು ಪಕ್ಷದ ಗುಂಪಿನಿಂದ ಹೊರಬಿದ್ದರೂ ಸದನದಲ್ಲೇ ಉಳಿದರು. ಜೆರೆಮಿ ಕಾರ್ಬಿನ್ ತಮ್ಮದೇ ಲೇಬರ್ ಸರ್ಕಾರದ ವಿರುದ್ಧ ನೂರಾರು ಬಾರಿ ಮತ ಹಾಕಿ, 2015ರಲ್ಲಿ ಅದೇ ಪಕ್ಷದ ನಾಯಕರಾದರು. ಅವರನ್ನು ಮೆಚ್ಚಿದವರೂ ಹಳಿದವರೂ ಮುಂದಿಟ್ಟದ್ದು ಅದೇ ಮತಗಳ ಪಟ್ಟಿಯನ್ನು.

ಈ ಭಾಗದಲ್ಲಿ ಹೆಚ್ಚು ಕೇಳುವ ಮಾತು ಇನ್ನೂ ಸರಳ: ಮಸೂದೆ ಗಿಸೂದೆ ನಮಗೇಕೆ, ಚಾರ್ಮಾಡಿ ಘಾಟಿ ಮಳೆಗಾಲದಲ್ಲಿ ಕುಸಿಯದಿರಲಿ, ಕಳಸದ ಕಡೆ ಮೊಬೈಲ್ ಸಿಗ್ನಲ್ ಬರಲಿ, ಆನೆ ತೋಟಕ್ಕೆ ನುಗ್ಗದಿರಲಿ. 2019ರ ಆಗಸ್ಟಿನಲ್ಲಿ ಗುಡ್ಡ ಜಾರಿ ಮನೆ ಕಳೆದುಕೊಂಡ ಊರುಗಳ ಜನಕ್ಕೆ ಸಂಸತ್ತಿನ ನಡಾವಳಿಯ ಪಾಠ ಹೇಳುವುದು ಒರಟುತನವೇ. ಆದರೂ ಹೇಳಲೇಬೇಕು. ಸಂಸದರ ಕೈಯಲ್ಲಿರುವ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 5 ಕೋಟಿ ರೂಪಾಯಿ. ಕುಂದಾಪುರದ ಕಡಲಿನಿಂದ ತರೀಕೆರೆಯ ಬಯಲಿನವರೆಗೆ ಎಂಟು ವಿಧಾನಸಭಾ ಕ್ಷೇತ್ರಗಳಿಗೆ ಹಂಚಿದರೆ ತಲಾ ಅರವತ್ತೆರಡೂವರೆ ಲಕ್ಷ. ಘಾಟಿಯ ಒಂದು ತಿರುವಿನ ತಡೆಗೋಡೆಗೂ ಸಾಲದು. ಹೆದ್ದಾರಿಗೆ ಎಷ್ಟು ಹಣ, ಕಾಡಿನ ಗಡಿ ಎಲ್ಲಿ, ಮೂರು ತಲೆಮಾರಿನ ದಾಖಲೆ ಇಲ್ಲದವರಿಗೆ ಅರಣ್ಯ ಹಕ್ಕು ಉಂಟೇ ಇಲ್ಲವೇ, ಇವೆಲ್ಲ ತೀರ್ಮಾನವಾಗುವುದು ಕಾನೂನು ಮತ್ತು ಬಜೆಟ್ಟಿನಲ್ಲಿ. 2006ರ ಅರಣ್ಯ ಹಕ್ಕು ಕಾಯ್ದೆ ಬುಡಕಟ್ಟಿನವರಲ್ಲದ ಅರಣ್ಯವಾಸಿಗಳಿಗೆ 75 ವರ್ಷದ ವಾಸದ ಪುರಾವೆ ಕೇಳಿತು. ಕಾಡಂಚಿನ ಎಷ್ಟೋ ಕುಟುಂಬಗಳ ಅರ್ಜಿ ಬಿದ್ದುಹೋದದ್ದು ಆ ಒಂದು ಸಾಲಿನಿಂದ. ಆ ಸಾಲು ಸದನದ ಮುಂದಿದ್ದಾಗ ಮಲೆನಾಡಿನ ಸಂಸದರು ಏನು ಮಾಡಿದರು ಎಂದು ಕೇಳುವುದು ರಸ್ತೆ ಕೇಳುವಷ್ಟೇ ನ್ಯಾಯವಾದ ಬೇಡಿಕೆ.

ಇನ್ನು, ಸೋಲುವುದು ಖಚಿತವಿದ್ದಾಗ ವಿರೋಧ ಪಕ್ಷದವರ ಮತ ಎಣಿಸಿ ಏನು ಪ್ರಯೋಜನ, ಸಮಯ ಹಾಳು ಎಂಬ ಮಾತು. ಸಮಯದ ಲೆಕ್ಕ ಮಾಡೋಣ: ಸದಸ್ಯರು ಒಳಗೆ ಬರಲು ಗಂಟೆ ಹೊಡೆಯುವುದು ಮೂರೂವರೆ ನಿಮಿಷ, ಗುಂಡಿ ಒತ್ತಲು ಕೆಲವು ಕ್ಷಣ. ಗದ್ದಲದಲ್ಲಿ ದಿನಗಟ್ಟಲೆ ಕಲಾಪ ಕೊಚ್ಚಿಹೋಗುವ ಸದನ ಈ ಐದು ನಿಮಿಷಕ್ಕೆ ಜಿಪುಣತನ ತೋರುವುದು ನಗು ತರಿಸುತ್ತದೆ. ಪ್ರಯೋಜನದ ಮಾತಿಗೆ ಬಂದರೆ, ಎಣಿಕೆಯಿಂದ ಹೆಚ್ಚು ಲಾಭ ವಿರೋಧ ಪಕ್ಷಕ್ಕೇ. ಸರ್ಕಾರದ ಕಡೆಯವರ ಮತ ಹೇಗಿದ್ದರೂ ಊಹಿಸಬಹುದು. ಇಲ್ಲ ಎಂದವರ ಹೆಸರು ಉಳಿದರೆ ಮಾತ್ರ ಮುಂದೊಂದು ದಿನ, ಕಾನೂನು ಕಹಿಯಾದಾಗ, ನಾವು ಅವತ್ತೇ ಬೇಡ ಎಂದಿದ್ದೆವು ಎನ್ನಲು ಆಧಾರ ಇರುತ್ತದೆ. ವಿರೋಧ ಪಕ್ಷದ ಪೊಳ್ಳನ್ನೂ ಅದೇ ಎಣಿಕೆ ಹಿಡಿದುಕೊಡುತ್ತದೆ: ಬೀದಿಯಲ್ಲಿ ಅರಚಿ, ಎಣಿಕೆಯ ಹೊತ್ತಿಗೆ ಜಾಗ ಖಾಲಿ ಮಾಡಿದವರ ಹೆಸರು ಆ ಪಟ್ಟಿಯಲ್ಲಿ ಇರುವುದಿಲ್ಲ. ವಿಪ್ ಸಡಿಲಿಸಲು ಸಂವಿಧಾನ ತಿದ್ದಬೇಕು, ಅದು ದೂರದ ಮಾತು. ಪ್ರತಿಯೊಂದು ಮಸೂದೆಯ ಕೊನೆಯ ಹಂತಕ್ಕೆ ಹೆಸರಿನ ಎಣಿಕೆ ಕಡ್ಡಾಯ ಮಾಡಲು ಅದೂ ಬೇಕಿಲ್ಲ. ಸಂವಿಧಾನದ 118ನೇ ವಿಧಿ ತನ್ನ ನಡಾವಳಿಯ ನಿಯಮಗಳನ್ನು ತಾನೇ ಮಾಡಿಕೊಳ್ಳುವ ಅಧಿಕಾರವನ್ನು ಪ್ರತಿ ಸದನಕ್ಕೂ ಕೊಟ್ಟಿದೆ.

ಸದಾನಂದ ಗೌಡರು ಮುಖ್ಯಮಂತ್ರಿಯಾಗಲು 2011ರಲ್ಲಿ ಲೋಕಸಭೆ ಬಿಟ್ಟಾಗ ಈ ಕ್ಷೇತ್ರದ ಕೊನೆಯ ವಿರೋಧ ಪಕ್ಷದ ಸಂಸದರು ಹೋದಂತಾಯಿತು. 2012ರ ಉಪಚುನಾವಣೆಯಲ್ಲಿ ಗೆದ್ದ ಕಾಂಗ್ರೆಸ್ಸಿನ ಜಯಪ್ರಕಾಶ್ ಹೆಗ್ಡೆ, ಎರಡು ಅವಧಿಯ ಶೋಭಾ ಕರಂದ್ಲಾಜೆ, ಈಗಿನ ಕೋಟ ಶ್ರೀನಿವಾಸ ಪೂಜಾರಿ, ಎಲ್ಲರೂ ದಿಲ್ಲಿಯಲ್ಲಿ ಆಡಳಿತ ಪಕ್ಷದ ಸಾಲಿನಲ್ಲಿ ಕೂತವರು. ಪಶ್ಚಿಮ ಘಟ್ಟದ ಆರೂ ಕರಡುಗಳು ಬಂದದ್ದು ಈ ಅವಧಿಯಲ್ಲೇ. ಆಡಳಿತ ಪಕ್ಷದ ಸಂಸದರು ಸದನದಲ್ಲಿ ಸರ್ಕಾರಕ್ಕೆ ಮುಜುಗರ ತರುವ ಪ್ರಶ್ನೆ ಕೇಳುವುದು ಅಪರೂಪ. ಆದ್ದರಿಂದ ವಿರೋಧ ಪಕ್ಷದ ಸಂಸದರಿಗೆ ಹಾಕುವ ಅಳತೆಗೋಲನ್ನೇ ಅವರಿಗೂ ಹಾಕಬೇಕು. ಮುಂದಿನ ಸಲ ಸಂಸದರು, ಯಾವ ಪಕ್ಷದವರೇ ಆಗಲಿ, ಮೂಡಿಗೆರೆಗೋ ಕಳಸಕ್ಕೋ ಬಂದಾಗ ಮನವಿ ಪತ್ರದಲ್ಲಿ ರಸ್ತೆ, ಸೇತುವೆ, ಟವರ್‌ಗಳ ಕೆಳಗೆ ಇನ್ನೆರಡು ಸಾಲು ಸೇರಿಸಿ. ಕಳೆದ ಅಧಿವೇಶನದ ಯಾವ ಮಸೂದೆಗೆ ನಿಮ್ಮ ಒಪ್ಪಿಗೆ ಇತ್ತು, ಯಾವುದಕ್ಕೆ ಇರಲಿಲ್ಲ ಎಂಬುದನ್ನು ಬರೆದು ಕೊಡಿ. ಪ್ರತಿ ಮಸೂದೆಗೂ ಹೆಸರಿನ ಎಣಿಕೆ ಆಗಬೇಕೆಂದು ಸ್ಪೀಕರ್‌ಗೆ ಪತ್ರ ಬರೆಯುತ್ತೀರಾ ಇಲ್ಲವಾ ಎಂಬುದನ್ನೂ ಹೇಳಿ.